ಹಸಿರು ಬಣ್ಣ ಬಳಿದರೆ ಸೇನಾ ಹೆಲಿಕಾಪ್ಟರ್ ಆಗುತ್ತದೆಯೇ?

ಓದುಗರ ಪತ್ರ: ನಮ್ಮ ಕೋಲಾರ ಜಿಲ್ಲೆಯ ವೇಮಗಲ್‌ನಲ್ಲಿ ಟಾಟಾ ಮತ್ತು ಏರ್‌ಬಸ್ ಸೇರಿ ಎಚ್125 ಹೆಲಿಕಾಪ್ಟರ್ ಜೋಡಿಸುತ್ತವೆ ಎಂದು ಓದಿದೆ. ಇದೇ ಜಾತಿಯ ಹೆಲಿಕಾಪ್ಟರ್ ಎವರೆಸ್ಟ್ ತುದಿಯ ಮೇಲೂ ಇಳಿದಿದೆಯಂತೆ. ಹಾಗಿದ್ದ ಮೇಲೆ ಇದಕ್ಕೇ ಹಸಿರು ಬಣ್ಣ ಬಳಿದು ಸೇನೆಗೆ ಕೊಟ್ಟರೆ ಸಾಲದೆ? ನಮ್ಮ ಹುಡುಗರು ಇನ್ನೂ ಹಳೇ ಚೀತಾ, ಚೇತಕ್‌ಗಳಲ್ಲೇ ಹಾರುತ್ತಿದ್ದಾರೆ. ಎಚ್‌ಎಎಲ್‌ನವರು ಬೇರೆಯದೇ ಹೆಲಿಕಾಪ್ಟರ್ ಮಾಡಲು ಇಷ್ಟು ವರ್ಷ ತೆಗೆದುಕೊಂಡದ್ದೇಕೆ? ನನ್ನ ಮಗ ಐಟಿಐನಲ್ಲಿ ಫಿಟ್ಟರ್ ಓದುತ್ತಿದ್ದಾನೆ. ವೇಮಗಲ್ ಒಳ್ಳೆಯದೋ ತುಮಕೂರು ಒಳ್ಳೆಯದೋ ಎಂದು ಅವನೂ ಕೇಳುತ್ತಾನೆ.
— ಓದುಗರೊಬ್ಬರು, ಕೋಲಾರ

ಸಂಪಾದಕರ ಉತ್ತರ:

ಮಾನ್ಯರೆ,

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಹೌದು, ಇನ್ನರ್ಧ ಖಂಡಿತ ಅಲ್ಲ. ನಾಗರಿಕ ಬಳಕೆಯ ಹಗುರ ಹೆಲಿಕಾಪ್ಟರನ್ನು ಸೇನೆಗೆ ತೆಗೆದುಕೊಂಡು ಚೆನ್ನಾಗಿ ದುಡಿಸಿಕೊಂಡ ದೇಶಗಳಿವೆ. ಆದರೆ ಅವು ಮೊದಲು ಕೂತು, ಈ ಯಂತ್ರ ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಕೂಡದು ಎಂದು ತೀರ್ಮಾನ ಮಾಡಿಕೊಂಡವು. ಆ ತೀರ್ಮಾನವಿಲ್ಲದೆ ಕೊಳ್ಳಲು ಹೊರಟರೆ ಹಣದ ಜೊತೆ ವರ್ಷಗಳೂ ಹೋಗುತ್ತವೆ. ನಮ್ಮಲ್ಲಿ ಹೋಗಿವೆ. ಅದಕ್ಕೆ ಆಮೇಲೆ ಬರುತ್ತೇನೆ.

ನೀವು ಹೇಳಿದ 'ಬಣ್ಣ ಬಳಿದು ಕೊಡುವ' ಕೆಲಸಕ್ಕೆ ಅತ್ಯಂತ ಹತ್ತಿರ ಬಂದದ್ದು ಅಮೆರಿಕದ ಭೂಸೇನೆ. ಆಸ್ಪತ್ರೆ ಮತ್ತು ಪೊಲೀಸ್ ಕೆಲಸಕ್ಕೆ ಹೆಸರಾಗಿದ್ದ ಯುರೋಪಿನ ಇಸಿ145 ಹೆಲಿಕಾಪ್ಟರನ್ನು 2006ರಲ್ಲಿ ಆರಿಸಿ, 'ಲಕೋಟಾ' ಎಂದು ಹೆಸರಿಟ್ಟು, ಮಿಸಿಸಿಪಿಯ ಕೊಲಂಬಸ್‌ನಲ್ಲಿ ಜೋಡಿಸತೊಡಗಿತು. 400ಕ್ಕೂ ಹೆಚ್ಚು ಬಂದವು. ರಕ್ಷಾಕವಚವಿಲ್ಲ, ಬಂದೂಕಿಲ್ಲ, ನಾಗರಿಕ ವಿಮಾನಯಾನದ ಪ್ರಮಾಣಪತ್ರ ಹಾಗೇ ಉಳಿಯಬೇಕು, ಶತ್ರುವಿನ ಗುಂಡು ಹಾರುವ ಕಡೆ ಹೋಗಕೂಡದು. ಇವು ಷರತ್ತುಗಳು. ದೇಶದೊಳಗೆ ರೋಗಿಗಳನ್ನು ಸಾಗಿಸುವುದು, ಪ್ರವಾಹ, ಚಂಡಮಾರುತದ ಹೊತ್ತಿನ ಪರಿಹಾರ, ತರಬೇತಿ ಮೈದಾನದ ಓಡಾಟ ಲಕೋಟಾಗೆ ಬಿಟ್ಟು, ದೊಡ್ಡ ಬ್ಲ್ಯಾಕ್‌ಹಾಕ್ ಹೆಲಿಕಾಪ್ಟರ್‌ಗಳನ್ನು ಯುದ್ಧಕ್ಕೆ ಬಿಡಿಸಿಕೊಳ್ಳುವುದು ಲೆಕ್ಕಾಚಾರ. ಅದು ಸರಿಯಾದ ಲೆಕ್ಕಾಚಾರವೇ ಆಗಿತ್ತು ಎಂದು ನನ್ನ ಅಭಿಪ್ರಾಯ.

ಅಷ್ಟು ಎಚ್ಚರ ವಹಿಸಿದ ಮೇಲೂ ಎಡವಟ್ಟಾಯಿತು. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಫೋರ್ಟ್ ಅರ್ವಿನ್ ತರಬೇತಿ ನೆಲೆಯಲ್ಲಿ ಬಿಸಿಲಿಗೆ ಕಾಕ್‌ಪಿಟ್ ಕಾದು, ಒಳಗಿನ ಎಲೆಕ್ಟ್ರಾನಿಕ್ ಉಪಕರಣಗಳು ಬಿಸಿ ತಾಳಲಾರದೆ ಕೈಕೊಡುವ ಅಪಾಯ ಕಾಣಿಸಿತು. ಏಸಿ ಇರಲಿಲ್ಲ. ಲಘು ಸಾಗಾಟಕ್ಕೆ ಇದು ಸರಿ, ಆದರೆ ಬಿಸಿ ಪ್ರದೇಶಕ್ಕೆ ತಕ್ಕದ್ದಲ್ಲ ಎಂದು ರಕ್ಷಣಾ ಇಲಾಖೆಯ ಪರೀಕ್ಷಕರು ಬರೆದರು. ಎರಡು ಸ್ಟ್ರೆಚರ್ ಹಿಡಿಸುತ್ತಿದ್ದವು, ಆದರೆ ಗಂಭೀರ ಸ್ಥಿತಿಯ ರೋಗಿಗಳಲ್ಲಿ ಹಾರುತ್ತಲೇ ಚಿಕಿತ್ಸೆ ಕೊಡಲು ಜಾಗವಿದ್ದದ್ದು ಒಬ್ಬರಿಗೆ ಮಾತ್ರ. ಆಮೇಲೆ ಗಾಳಿಕಿಂಡಿ ಕೊರೆದು, ರೋಗಿಗಳನ್ನು ಒಯ್ಯುವ ಹೆಲಿಕಾಪ್ಟರ್‌ಗಳಿಗೆ ಏಸಿ ಕೂರಿಸಿದರು. ಕಾದಾಟದ ಮಾತು ಹಾಗಿರಲಿ, ಶಾಂತಿಕಾಲದ ಕೆಲಸಕ್ಕೇ ಬರೀ ಬಣ್ಣ ಸಾಲಲಿಲ್ಲ.

ಅದೇ ಕುಟುಂಬದ ಮುಂದಿನ ತಲೆಮಾರನ್ನು ಜರ್ಮನಿ ಬೇರೆ ದಾರಿಯಲ್ಲಿ ಬಳಸಿತು. ಎಚ್145ಎಂ ಎಂಬ ಸೈನಿಕ ರೂಪ 2015ರಿಂದ ಅವರ ವಿಶೇಷ ಪಡೆಯ ಸೇವೆಯಲ್ಲಿದೆ. 2023ರ ಡಿಸೆಂಬರಿನಲ್ಲಿ ಜರ್ಮನಿ 62ಕ್ಕೆ ಖಚಿತ ಬೇಡಿಕೆ ಕೊಟ್ಟು, ಇನ್ನೂ 20 ಕೊಳ್ಳುವ ಅವಕಾಶ ಇಟ್ಟುಕೊಂಡಿತು. ಇವು ಕ್ಷಿಪಣಿ ಹೊರಬಲ್ಲವು. ಆಸ್ಪತ್ರೆ ಹೆಲಿಕಾಪ್ಟರಿನ ಕುಟುಂಬವೇ ಯುದ್ಧಕ್ಕೂ ನಿಂತಿದೆ, ನಿಜ. ಆದರೆ ಅದನ್ನು ಕಾರ್ಖಾನೆಯಲ್ಲೇ ಆ ಕೆಲಸಕ್ಕೆಂದು ಸಜ್ಜುಗೊಳಿಸಿದ್ದಾರೆ.

ಏನೇನು ಬದಲಾಗುತ್ತದೆ ಎನ್ನುವುದಕ್ಕೆ ನಿಮ್ಮ ಮಗನಿಗೆ ಆಸಕ್ತಿ ಹುಟ್ಟಬಹುದಾದ ಒಂದು ಸಂಗತಿ ಹೇಳುತ್ತೇನೆ. ಸೇನೆಯ ಪೈಲಟ್ ಕತ್ತಲಲ್ಲಿ ದೀಪ ಹಾಕದೆ, ಕಣ್ಣಿಗೆ ನೈಟ್ ವಿಷನ್ ಗಾಗಲ್ಸ್ ಕಟ್ಟಿಕೊಂಡು ಹಾರಬೇಕು. ಆ ಗಾಗಲ್ಸ್ ನಕ್ಷತ್ರದ ಮಂದ ಬೆಳಕನ್ನು ಸಾವಿರಾರು ಪಟ್ಟು ಹೆಚ್ಚಿಸಿ ತೋರಿಸುತ್ತವೆ. ಕೆಂಪು ಬೆಳಕಿಗೂ ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ಗೂ ಅವು ತುಂಬ ಸೂಕ್ಷ್ಮ. ಸಾಧಾರಣ ಕಾಕ್‌ಪಿಟ್‌ನ ಕೆಂಪು ಎಚ್ಚರಿಕೆ ದೀಪ, ಮೀಟರ್ ಹಿಂದಿನ ಪುಟ್ಟ ಬಲ್ಬು, ರೇಡಿಯೊ ಗುಂಡಿಯ ಹಿಂಬೆಳಕು ಎಲ್ಲವೂ ಆ ಗಾಗಲ್ಸ್‌ಗೆ ಸೂರ್ಯನ ಹಾಗೆ. ಒಂದೇ ಒಂದು ಬಲ್ಬು ತಪ್ಪಿ ಉಳಿದು ಅದರ ಬಿಂಬ ಮುಂದಿನ ಗಾಜಿನ ಮೇಲೆ ಬಿದ್ದರೆ ಸಾಕು, ಹೊರಗಿನ ಬೆಟ್ಟವೇ ಅಳಿಸಿಹೋಗುತ್ತದೆ. ಅದಕ್ಕೇ ಪ್ರತಿಯೊಂದು ದೀಪಕ್ಕೂ ಪರದೆಗೂ ಫಿಲ್ಟರ್ ಹಾಕಿ, ಹಸಿರು ಛಾಯೆಗೆ ತಂದು, ಕತ್ತಲ ಕೋಣೆಯಲ್ಲಿಟ್ಟು ಒಂದೊಂದನ್ನೇ ಪರೀಕ್ಷಿಸುತ್ತಾರೆ. ನೀವು ಹೇಳಿದ ಹಸಿರು ಬೇಕಾದದ್ದು ಹೊರಮೈಗಿಂತ ಒಳಗಡೆಯೇ ಹೆಚ್ಚು.

ಇಂಧನ ಟ್ಯಾಂಕಿನ ಕಥೆ ಇದಕ್ಕಿಂತ ನೋವಿನದು. ಬದುಕಿ ಉಳಿಯಬಹುದಾದ ಅಪಘಾತಗಳಲ್ಲೂ ಟ್ಯಾಂಕ್ ಒಡೆದು ಬೆಂಕಿ ಹತ್ತಿ ಜನ ಸಾಯುತ್ತಿದ್ದುದನ್ನು ವಿಯೆಟ್ನಾಂನಲ್ಲಿ ಕಂಡ ಅಮೆರಿಕದ ಸೇನೆ, 1970ರಿಂದಲೇ ತನ್ನ ಹ್ಯೂಯಿ ಹೆಲಿಕಾಪ್ಟರ್‌ಗಳಿಗೆ ಬಿದ್ದರೂ ಒಡೆಯದ ಟ್ಯಾಂಕ್ ಹಾಕತೊಡಗಿತು. ನಾಗರಿಕ ಹೆಲಿಕಾಪ್ಟರ್‌ಗಳಿಗೆ ಅಂಥ ನಿಯಮ ಬಂದದ್ದು 1994ರಲ್ಲಿ, ಅದೂ ಆಮೇಲೆ ಹೊಸದಾಗಿ ವಿನ್ಯಾಸಗೊಂಡವಕ್ಕೆ ಮಾತ್ರ. ಎಚ್125ರ ಮೂಲ ವಿನ್ಯಾಸ 1970ರ ದಶಕದ್ದು. ಹಾಗಾಗಿ ನಿಯಮ ಅದಕ್ಕೆ ತಾಗಲಿಲ್ಲ. 2015ರ ಜುಲೈನಲ್ಲಿ ಕೊಲೊರಾಡೊದ ಫ್ರಿಸ್ಕೊ ಪಟ್ಟಣದಲ್ಲಿ ಇದೇ ಮಾದರಿಯ ಏರ್ ಆಂಬ್ಯುಲೆನ್ಸ್ ಬಿದ್ದು ಬೆಂಕಿ ಹತ್ತಿಕೊಂಡಿತು. ಪೈಲಟ್ ತೀರಿಕೊಂಡರು, ಇಬ್ಬರು ನರ್ಸ್‌ಗಳು ತೀವ್ರವಾಗಿ ಗಾಯಗೊಂಡರು. 2018ರಲ್ಲಿ ಅಮೆರಿಕ ಕಾನೂನು ಮಾಡಿ, 2020ರ ಏಪ್ರಿಲ್ ನಂತರ ಕಾರ್ಖಾನೆಯಿಂದ ಹೊರಬರುವ ಎಲ್ಲ ಹೆಲಿಕಾಪ್ಟರ್‌ಗಳಿಗೂ ಸುರಕ್ಷಿತ ಟ್ಯಾಂಕ್ ಕಡ್ಡಾಯ ಮಾಡಿತು. ಈಗಿನ ಎಚ್125ರಲ್ಲಿ ಅದು ಇದೆ. ಆದರೂ ಇದನ್ನು ಹೇಳುವುದೇಕೆಂದರೆ, ನಾಗರಿಕ ಪ್ರಮಾಣಪತ್ರ ಎಂದರೆ ಆ ಕಾಲದ ನಿಯಮಕ್ಕೆ ಒಪ್ಪಿತು ಎಂದಷ್ಟೇ. ಸೈನಿಕನಿಗೆ ಬೇಕಾದ ಸುರಕ್ಷತೆಯನ್ನು ಬೇರೆಯಾಗಿಯೇ ಕೇಳಬೇಕು.

ಇನ್ನು ಭಾರ. ಎಚ್125 ಒಡಲೊಳಗೆ ಹೊರೆ ಇಟ್ಟುಕೊಂಡು ಏಳಬಹುದಾದ ಒಟ್ಟು ತೂಕ ಮೂಲತಃ 2,250 ಕೆಜಿ. ಖಾಲಿ ಹೆಲಿಕಾಪ್ಟರೇ ಸುಮಾರು 1,250 ಕೆಜಿ. ಉಳಿದದ್ದು ಸಾವಿರ. 540 ಲೀಟರಿನ ಟ್ಯಾಂಕ್ ತುಂಬಿದರೆ ಸುಮಾರು 425 ಕೆಜಿ ಹೋಯಿತು. ಇಬ್ಬರು ಪೈಲಟ್‌ಗಳು ಹೆಲ್ಮೆಟ್, ಜಾಕೆಟ್ ಸಮೇತ 200 ಎಂದಿಟ್ಟುಕೊಳ್ಳಿ. ಕೈಯಲ್ಲಿ ಉಳಿದದ್ದು 375. ಇದರಲ್ಲಿ ಕವಚದ ಸೀಟು, ಸೇನೆಯ ರೇಡಿಯೊ, ಕ್ಷಿಪಣಿ ಬರುತ್ತಿದೆಯೆಂದು ಎಚ್ಚರಿಸುವ ಸಂವೇದಕ, ಅದನ್ನು ದಾರಿ ತಪ್ಪಿಸುವ ಫ್ಲೇರ್, ಮೂತಿಯ ಕೆಳಗಿನ ಕ್ಯಾಮೆರಾ, ಬಂದೂಕು, ಗುಂಡು ಎಲ್ಲ ಹಿಡಿಯಬೇಕು. ಕ್ಯಾಮೆರಾ ಒಂದೇ ಹತ್ತಾರು ಕೆಜಿ ತೂಗುತ್ತದೆ. ಎಲ್ಲವನ್ನೂ ಹಾಕಿಸಿದರೆ ಗಾಯಾಳುವಿಗೆ ಜಾಗವಿರುವುದಿಲ್ಲ. ಗಾಯಾಳುವಿಗೆ ಜಾಗ ಬೇಕೆಂದರೆ ಇಂಧನ ಇಳಿಸಬೇಕು.

ಇದು ಸಮುದ್ರಮಟ್ಟದ ಲೆಕ್ಕ. ಸಿಯಾಚಿನ್‌ನ ಎತ್ತರದ ಠಾಣೆಗಳಿರುವ 6,000 ಮೀಟರ್ ಆಸುಪಾಸಿನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಅಲ್ಲಿ ತಲೆಯ ಮೇಲೆ ತಿರುಗುವ ರೆಕ್ಕೆಗೂ (ರೋಟರ್) ಎಂಜಿನ್ನಿಗೂ ಕಸುವು ಕುಗ್ಗುತ್ತದೆ. 2005ರ ಮೇ 14ರಂದು ಡಿಡಿಯೆ ಡೆಲ್ಸಾಲ್ ಎಎಸ್350 ಬಿ3 ಹೆಲಿಕಾಪ್ಟರನ್ನು ಎವರೆಸ್ಟ್ ತುದಿಗೆ ಮುಟ್ಟಿಸಿದ್ದು ನಿಜ, ಅದು ಎಚ್125ರ ಹಿಂದಿನ ರೂಪವೇ. ಅಪೂರ್ವ ಸಾಧನೆ, ಎರಡು ಮಾತಿಲ್ಲ. ಆದರೆ ಪ್ರಯಾಣಿಕರ ಸೀಟುಗಳಂಥ ಬೇಡದ ಭಾರವನ್ನೆಲ್ಲ ಕಳಚಿ, ಕಂಪನಿಯ ಪರೀಕ್ಷಾ ಪೈಲಟ್ ಒಬ್ಬರೇ ಹಾರಿದ್ದು. ಸಿಯಾಚಿನ್ ಪೈಲಟ್ ದಿನವೂ ಸೀಮೆಎಣ್ಣೆ, ಔಷಧಿ, ತರಕಾರಿ ಒಯ್ಯಬೇಕು, ಹಿಮ ತಿಂದ ಕಾಲಿನ ಸೈನಿಕನನ್ನು ಕೆಳಗೆ ತರಬೇಕು.

ನೀವು ಹಳೆಯದೆಂದ ಚೀತಾದ ಹುಟ್ಟೇ ಈ ಎತ್ತರಕ್ಕಾಗಿ ಎನ್ನುವುದು ಅನೇಕರಿಗೆ ಗೊತ್ತಿಲ್ಲ. ಹಿಮಾಲಯದಲ್ಲಿ ಹಾರುವ ಹೆಲಿಕಾಪ್ಟರ್ ಬೇಕೆಂದು 1968ರಲ್ಲಿ ಭಾರತದ ಸೇನೆ ಕೇಳಿದ್ದಕ್ಕೇ ಫ್ರೆಂಚರು ತಮ್ಮ ಅಲುಯೆಟ್–2 ಹೆಲಿಕಾಪ್ಟರಿನ ಹಗುರ ಒಡಲಿಗೆ ಅಲುಯೆಟ್–3ರ ಎಂಜಿನ್ನನ್ನೂ ರೋಟರನ್ನೂ ಜೋಡಿಸಿ 'ಲಾಮಾ' ಮಾಡಿದರು. 1972ರಲ್ಲಿ ಫ್ರೆಂಚ್ ಪೈಲಟ್ ಜೀನ್ ಬುಲೆ ಅದನ್ನು 12,400 ಮೀಟರ್ ದಾಟಿಸಿ ದಾಖಲೆ ಮಾಡಿದರು. ಆಮೇಲೆ ಆಲ್ಪ್ಸ್ ಪರ್ವತಗಳ ನಾಗರಿಕ ಕೆಲಸಕ್ಕೆಲ್ಲ ಲಾಮಾ ಬೇಕಾಯಿತು. ನಮ್ಮಲ್ಲಿ ಎಚ್‌ಎಎಲ್ ಅದನ್ನೇ ಚೀತಾ ಎಂದು ಕಟ್ಟಿತು. ಅಂದರೆ ಅಲ್ಲಿ ದಾರಿ ತಿರುವುಮುರುವು: ಸೈನಿಕನ ಅಗತ್ಯ ಮೊದಲು, ನಾಗರಿಕ ಬಳಕೆ ಆಮೇಲೆ. ಅದಕ್ಕೇ ಅದು ಇಷ್ಟು ದಶಕ ಬಾಳಿತು, ಬಾಳಬೇಕಾದದ್ದಕ್ಕಿಂತ ಹೆಚ್ಚೇ ಬಾಳಿತು.

ಅದನ್ನು ಬದಲಿಸಲು ಹೊರಟ ಕಥೆ ಓದಿದರೆ ಹೊಟ್ಟೆ ಉರಿಯುತ್ತದೆ. 197 ಹೆಲಿಕಾಪ್ಟರ್‌ಗಳ ಮೊದಲ ಟೆಂಡರಿನಲ್ಲಿ ಆಯ್ಕೆಯ ಹೊಸ್ತಿಲಿಗೆ ಬಂದಿದ್ದದ್ದು ಎಚ್125ರದೇ ಬಳಗದ ಸೈನಿಕ ರೂಪ 'ಫೆನೆಕ್'. 2007ರ ಡಿಸೆಂಬರಿನಲ್ಲಿ ಅದು ರದ್ದಾಯಿತು. ಪರೀಕ್ಷೆಗೆ ತಂದು ಹಾರಿಸಿದ್ದು ಸೈನಿಕ ರೂಪವನ್ನಲ್ಲ, ನಾಗರಿಕ ರೂಪವನ್ನು ಎಂಬುದು ಆಗ ಎದ್ದ ಮುಖ್ಯ ಆಕ್ಷೇಪ. ನೀವು ಕೇಳಿದ ಪ್ರಶ್ನೆಯ ಮೇಲೇ ಒಂದು ಖರೀದಿ ಮುರಿದುಬಿತ್ತು! ಎರಡನೇ ಟೆಂಡರ್ 2014ರಲ್ಲಿ ರದ್ದಾಯಿತು. 2015ರಲ್ಲಿ ರಷ್ಯಾದ ಕಾಮೊವ್ 226ಟಿ ಒಪ್ಪಂದವಾಗಿ ಅದೂ ನಿಂತಲ್ಲೇ ನಿಂತಿತು. 2025ರ ಆಗಸ್ಟಿನಲ್ಲಿ ರಕ್ಷಣಾ ಸಚಿವಾಲಯ ಭೂಸೇನೆಗೆ 120, ವಾಯುಪಡೆಗೆ 80 ಹಗುರ ಹೆಲಿಕಾಪ್ಟರ್‌ಗಳಿಗಾಗಿ ಮತ್ತೆ ಮಾಹಿತಿ ಕೇಳಿದೆ.

ಈ ನಡುವೆ ಎಚ್‌ಎಎಲ್‌ನ ಹಗುರ ಹೆಲಿಕಾಪ್ಟರ್ ಎಲ್‌ಯುಎಚ್ 2016ರ ಸೆಪ್ಟೆಂಬರ್ 6ರಂದು ಬೆಂಗಳೂರಿನಲ್ಲಿ ಮೊದಲು ಹಾರಿತು. ಹೊರೆ ಸಮೇತ ಏಳಬಹುದಾದ ಒಟ್ಟು ತೂಕ 3,150 ಕೆಜಿ, ಒಂದೇ ಎಂಜಿನ್. 2019ರಲ್ಲಿ ಲಡಾಖಿನ ಲೇಹ್ ಮತ್ತು ದೌಲತ್ ಬೇಗ್ ಓಲ್ಡಿಯಲ್ಲಿ ಪರೀಕ್ಷೆ, 2020ರಲ್ಲಿ ವಾಯುಪಡೆಯ ರೂಪಕ್ಕೆ, 2021ರಲ್ಲಿ ಭೂಸೇನೆಯ ರೂಪಕ್ಕೆ ಆರಂಭಿಕ ಒಪ್ಪಿಗೆ. ಇದನ್ನು ಕಟ್ಟುವ, ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ತಡವಾಗಿದೆ ಎಂಬ ನಿಮ್ಮ ಅಸಮಾಧಾನ ನ್ಯಾಯವಾದದ್ದೇ, ಅದನ್ನು ಸಮರ್ಥಿಸಲಾರೆ. ಆದರೆ ವಿನ್ಯಾಸ ಹಿಮಾಲಯದಿಂದಲೇ ಶುರುವಾಗಿದೆ ಎಂಬುದನ್ನು ಮರೆಯುವಂತಿಲ್ಲ.

ನನ್ನನ್ನು ಕೇಳಿದರೆ ಎತ್ತರದ ಠಾಣೆಗಳ ಕೆಲಸ ಎಲ್‌ಯುಎಚ್‌ಗೆ ಮೀಸಲಿರಲಿ. ಪೈಲಟ್ ತರಬೇತಿ, ನೆರೆ ಪರಿಹಾರ, ಬಯಲಿನ ಠಾಣೆಗಳ ಓಡಾಟ, ಗಡಿ ಕಾವಲಿನ ಕಣ್ಗಾವಲು ಇವಕ್ಕೆ ವೇಮಗಲ್‌ನ ಎಚ್125 ಚೆನ್ನಾಗಿ ಒಗ್ಗುತ್ತದೆ. ಬಿಡಿಭಾಗ ಜಗತ್ತಿನೆಲ್ಲೆಡೆ ಸಿಗುತ್ತವೆ, ನಿರ್ವಹಣೆ ಬಲ್ಲ ಕೈಗಳೂ ಹೇರಳ. ಸೈನಿಕ ರೂಪ ಎಚ್125ಎಂ ಅನ್ನೂ ಇಲ್ಲಿಂದ ಕೊಡುವ ಮಾತು ಕಂಪನಿಗಳಿಂದ ಬಂದಿದೆ. ಬರಲಿ, ಆದರೆ ಪರೀಕ್ಷೆಗೆ ನಿಲ್ಲಿಸುವುದು ಆ ರೂಪವೇ ಆಗಿರಬೇಕು, ಕವಚ, ಕ್ಯಾಮೆರಾ, ರೇಡಿಯೊ ಎಲ್ಲ ಹೊತ್ತು ಹಾರಿ ತೋರಿಸಬೇಕು.

ನಿಮ್ಮ ಮಗನಿಗೆ ಹೇಳಿ, ಫಿಟ್ಟರ್ ಕಲಿತವನಿಗೆ ಎರಡೂ ಕಡೆ ಬೇಕಾಗುವ ಶಿಸ್ತು ಒಂದೇ: ನಕ್ಷೆ ಓದುವುದು, ಬೋಲ್ಟನ್ನು ಹೇಳಿದಷ್ಟೇ ಬಿಗಿತಕ್ಕೆ ಟಾರ್ಕ್ ರೆಂಚ್‌ನಲ್ಲಿ ತಿರುಗಿಸುವುದು, ಮಾಡಿದ್ದನ್ನು ಮಾಡಿದ ಕೂಡಲೇ ದಾಖಲೆಯಲ್ಲಿ ಬರೆದು ಸಹಿ ಹಾಕುವುದು. ಕೋರ್ಸ್ ಮುಗಿದೊಡನೆ ಎಚ್‌ಎಎಲ್ ಅಪ್ರೆಂಟಿಸ್ ಹುದ್ದೆಗಳಿಗೆ ಅರ್ಜಿ ಹಾಕಲಿ, ವೇಮಗಲ್‌ನ ನೇಮಕಾತಿಯ ಮೇಲೂ ಕಣ್ಣಿಟ್ಟಿರಲಿ. ಯಾವುದು ಮೊದಲು ಕರೆಯುತ್ತದೋ ಅಲ್ಲಿಗೆ ಹೋಗಲಿ.