ಸೀಗಡಿ ಬೋಟಿನ ಎಲೆಕ್ಟ್ರಾನಿಕ್ ಲಾಗ್‌ಬುಕ್ ಏನನ್ನು ಬರೆದಿಡುತ್ತದೆ?

ಪ್ರಶ್ನೆ: ಮಲ್ಪೆಯಲ್ಲಿ ನಮ್ಮದೊಂದು ಟ್ರಾಲ್ ಬೋಟಿದೆ. ಅಮೆರಿಕದಲ್ಲಿ ಸೀಗಡಿ ಬೋಟುಗಳಿಗೆ ಎಲೆಕ್ಟ್ರಾನಿಕ್ ಲಾಗ್‌ಬುಕ್ ಕಡ್ಡಾಯವೆಂದು ಕೇಳಿದೆ. ಹಿಡಿದ ಸೀಗಡಿಯ ಲೆಕ್ಕವನ್ನು ಕಡಲಿನಲ್ಲೇ ದಾಖಲಿಸಬೇಕೆ? ಮೀನು ಸಿಗುವ ಜಾಗ ಬೇರೆಯವರಿಗೆ ತಿಳಿದುಬಿಡುವುದಿಲ್ಲವೆ? ನಮ್ಮ ಬೋಟುಗಳಿಗೆ ಸರ್ಕಾರ ಅಳವಡಿಸುತ್ತಿರುವ ಟ್ರಾನ್ಸ್‌ಪಾಂಡರ್ (ಸಂದೇಶ ಕಳುಹಿಸುವ, ಪಡೆಯುವ ಸಾಧನ) ಕೂಡ ಇದೇ ಬಗೆಯದೆ?

ಉತ್ತರ: ನೀವು ಕೇಳಿರುವುದು ಬಹುಶಃ ಮೆಕ್ಸಿಕೊ ಕೊಲ್ಲಿಯ ವ್ಯವಸ್ಥೆಯ ಬಗ್ಗೆ. ಅಲ್ಲಿ ಲಾಗ್‌ಬುಕ್ ಎಂಬ ಹೆಸರಿದ್ದರೂ ತಂಡೇಲರು (ಬೋಟು ನಡೆಸುವವರು) ಅದರಲ್ಲಿ ಏನನ್ನೂ ಬರೆಯಬೇಕಾಗಿಲ್ಲ. ಬೋಟಿಗೆ ಅಳವಡಿಸಿದ ಜಿಪಿಎಸ್ ಪೆಟ್ಟಿಗೆ ಪ್ರತಿ 10 ನಿಮಿಷಕ್ಕೊಮ್ಮೆ ಬೋಟು ಇರುವ ಸ್ಥಳವನ್ನೂ ಸಮಯವನ್ನೂ ತಾನಾಗಿ ದಾಖಲಿಸಿಕೊಳ್ಳುತ್ತದೆ. ಎರಡು ದಾಖಲೆಗಳ ನಡುವಿನ ದೂರದಿಂದ ವೇಗ ತಿಳಿಯುತ್ತದೆ. ವೇಗ ಎರಡು ಮೂರು ನಾಟ್‌ನಷ್ಟಿದ್ದರೆ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಬಲೆ ಎಳೆಯುತ್ತಿದ್ದಾರೆಂದೂ, ಅದಕ್ಕಿಂತ ಬಹಳ ಹೆಚ್ಚಿದ್ದರೆ ಪ್ರಯಾಣದಲ್ಲಿದ್ದಾರೆಂದೂ, ಬೋಟು ಕದಲದಿದ್ದರೆ ಲಂಗರು ಹಾಕಿದ್ದಾರೆಂದೂ ವಿಜ್ಞಾನಿಗಳು ಎಣಿಸುತ್ತಾರೆ. ಹಿಡಿದ ಸೀಗಡಿಯ ತೂಕ ಮತ್ತು ಬಲೆಯ ವಿವರಗಳನ್ನು ಮಾಲೀಕರು ವರ್ಷಕ್ಕೊಮ್ಮೆ ಬೇರೆ ನಮೂನೆಗಳಲ್ಲಿ ಒಪ್ಪಿಸುತ್ತಾರೆ.

ಈ ಪೆಟ್ಟಿಗೆ ಎಲ್ಲರಿಗೂ ಕಡ್ಡಾಯವಲ್ಲ. ಫೆಡರಲ್ ಪರ್ಮಿಟ್ (ಅಲ್ಲಿನ ಕೇಂದ್ರ ಸರ್ಕಾರದ ಪರವಾನಗಿ) ಹೊಂದಿರುವ ಬೋಟುಗಳಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಮೀನುಗಾರಿಕಾ ಇಲಾಖೆ ಆರಿಸಿಕೊಂಡಿತ್ತು. ಆಯ್ಕೆಯಾದವರು ಒಪ್ಪದಿದ್ದರೆ ಪರ್ಮಿಟ್ ನವೀಕರಣವೇ ನಿಲ್ಲುತ್ತದೆ. 2007ರಿಂದ ಅಲ್ಲಿ ಹೊಸ ಪರ್ಮಿಟ್‌ಗಳಿಗೆ ತಡೆಯಿರುವುದರಿಂದ, ಕೈಯಲ್ಲಿರುವುದನ್ನು ಕಳೆದುಕೊಳ್ಳಲು ಯಾರೂ ಸಿದ್ಧರಿರುವುದಿಲ್ಲ.

ಇಷ್ಟೆಲ್ಲ ಲೆಕ್ಕಕ್ಕೆ ಮುಖ್ಯ ಕಾರಣ ಸೀಗಡಿಯಲ್ಲ, ನಮ್ಮ ಕೆಂಬೇರಿಯ ಬಳಗಕ್ಕೆ ಸೇರಿದ ರೆಡ್ ಸ್ನ್ಯಾಪರ್ ಎಂಬ ಮೀನು. ಕೊಲ್ಲಿಯ ಪಶ್ಚಿಮ ಭಾಗದಲ್ಲಿ 10ರಿಂದ 30 ಮಾರು ಆಳದ ನೀರಿನಲ್ಲಿ ಸೀಗಡಿ ಬಲೆಗೆ ಅದರ ಮರಿಗಳು ಸಿಕ್ಕಿ ಸಾಯುತ್ತವೆ. ಅಲ್ಲಿ ಬಲೆ ಎಳೆಯುವ ಒಟ್ಟು ಅವಧಿಯನ್ನು 2001–2003ರ ಮಟ್ಟಕ್ಕಿಂತ ನಿಗದಿತ ಪ್ರಮಾಣದಷ್ಟು ಕೆಳಗಿಡಬೇಕೆಂಬ ನಿಯಮವಿದೆ. 2008ರಲ್ಲಿ ಶೇ 74ರಷ್ಟಿದ್ದ ಈ ಕಡಿತವನ್ನು ನಂತರ ಶೇ 67ಕ್ಕೆ, 2020ರಲ್ಲಿ ಶೇ 60ಕ್ಕೆ ಇಳಿಸಲಾಯಿತು. ಮಿತಿ ಮೀರಿದರೆ ಆ ಭಾಗವನ್ನು ಸೀಗಡಿ ಬೋಟುಗಳಿಗೆ ಮುಚ್ಚಬಹುದು. ನನ್ನ ದೃಷ್ಟಿಯಲ್ಲಿ ಇಲ್ಲಿ ಪೆಟ್ಟಿಗೆಯಿಂದ ಹೆಚ್ಚಿನ ರಕ್ಷಣೆ ಸಿಗುವುದು ಮೀನುಗಾರರಿಗೇ. ನಾವು ಮಿತಿಯೊಳಗಿದ್ದೇವೆ ಎಂದು ತೋರಿಸಲು ಅವರಿಗೆ ಇದಕ್ಕಿಂತ ಗಟ್ಟಿಯಾದ ಪುರಾವೆಯಿಲ್ಲ.

ತೊಡಕು ಬಂದದ್ದು ತಂತ್ರಜ್ಞಾನದ ಕಡೆಯಿಂದ. ಪೆಟ್ಟಿಗೆಗಳು 3ಜಿ ಮೊಬೈಲ್ ಜಾಲದ ಮೂಲಕ ಮಾಹಿತಿ ಕಳುಹಿಸುತ್ತಿದ್ದವು. 2020ರ ಡಿಸೆಂಬರ್‌ನಲ್ಲಿ ಆ ಸೇವೆ ನಿಂತಾಗ, ಮೆಮೊರಿ ಕಾರ್ಡನ್ನು ಬಿಚ್ಚಿ ಅಂಚೆಯಲ್ಲಿ ಕಳುಹಿಸುವ ಏರ್ಪಾಡಿಗೆ ಇಳಿಯಬೇಕಾಯಿತು. ಬದಲಿ ಸಾಧನ ಯಾವುದಿರಬೇಕು, ಅದರ ವೆಚ್ಚವನ್ನು ಯಾರು ಭರಿಸಬೇಕು ಎಂಬ ಚರ್ಚೆ ಆಮೇಲೆ ವರ್ಷಗಟ್ಟಲೆ ನಡೆಯಿತು.

ಜಾಗದ ಗುಟ್ಟಿನ ಬಗ್ಗೆ ನಿಮ್ಮ ಅಂಜಿಕೆ ಸಹಜವಾದದ್ದೇ. ಅಲ್ಲಿನ ಮೀನುಗಾರಿಕಾ ಕಾನೂನಿನ ಪ್ರಕಾರ ಒಂದೊಂದು ಬೋಟಿನ ದಾಖಲೆ ಗೋಪ್ಯವಾಗಿರುತ್ತದೆ. ಹಲವು ಬೋಟುಗಳದ್ದನ್ನು ಒಟ್ಟುಗೂಡಿಸಿದ ಅಂಕಿಗಳು ಮಾತ್ರ ಪ್ರಕಟವಾಗುತ್ತವೆ.

ಇನ್ನು ನಿಮ್ಮ ಟ್ರಾನ್ಸ್‌ಪಾಂಡರ್. 2024ರ ಆಗಸ್ಟ್‌ನಲ್ಲಿ ಪಾಲ್ಘರ್‌ನಲ್ಲಿ ಚಾಲನೆ ಪಡೆದ, 1 ಲಕ್ಷ ಬೋಟುಗಳಿಗೆ ಅಳವಡಿಸುವ ಗುರಿಯಿರುವ ಆ ಸಾಧನ ಉಪಗ್ರಹದ ಮೂಲಕ ಕೆಲಸ ಮಾಡುತ್ತದೆ. ಅಪಾಯದ ಕರೆ, ಹವಾಮಾನದ ಎಚ್ಚರಿಕೆ, ದಡದೊಡನೆ ಸಂದೇಶ ವಿನಿಮಯ ಇವು ಅದರ ಮುಖ್ಯ ಕೆಲಸ. ಅದೂ ಬೋಟಿನ ಸ್ಥಳವನ್ನು ತಿಳಿಸುತ್ತದೆ, ಆದರೆ ಅದನ್ನು ತಂದಿರುವುದು ಸುರಕ್ಷತೆಗಾಗಿ, ಬಲೆ ಎಳೆದ ಅವಧಿಯನ್ನು ಎಣಿಸುವುದಕ್ಕಲ್ಲ.