ಮಗು ಫ್ರಾಕಿಗೆ ತೋಳು ಕೂರಿಸುವಾಗ ಬಟ್ಟೆ ಮಿಕ್ರೆ ಏನ್ ಮಾಡೋದು?

ದಯವಿಟ್ಟು ಕತ್ತರಿ ಹಾಕ್ಬೇಡಿ. ಮೂರು ವರ್ಷದ ಮಗಳ ಫ್ರಾಕಿಗೆ ತೋಳು ಕೂರಿಸುವಾಗ ಅರ್ಧ ಇಂಚು ಮಿಕ್ಕುತ್ತೆ, ಎಳೆದು ಹೊಲಿದ್ರೆ ಭುಜದ ಹತ್ರ ಸುಕ್ಕು ಬರತ್ತೆ, ಮಿಕ್ಕಿದ್ದನ್ನ ಕಟ್ ಮಾಡ್ಲಾ ಅಂತ ಕೇಳಿದೀರ. ಆ ಅರ್ಧ ಇಂಚನ್ನ ಬೇಕು ಅಂತಲೇ ಬಿಟ್ಟಿರ್ತಾರೆ, ಭುಜ ಉಬ್ಬಿರೋ ಕಡೆ ತೋಳು ಗುಂಡಗೆ ಬಗ್ಗೋದು ಅದರಿಂದ್ಲೇ.

ಮೊದ್ಲು ಅಳತೆ ಇನ್ನೊಂದ್ಸಲ ನೋಡಿ. ಟೇಪನ್ನ ಮಲಗಿಸದೆ ಅದರ ಅಂಚು ಬಟ್ಟೆಗೆ ತಾಗೋ ಹಾಗೆ ನೆಟ್ಟಗೆ ನಿಲ್ಲಿಸಿ, ಹೊಲಿಗೆ ಬೀಳೋ ಗೆರೆ ಮೇಲೆ ಅಳೀಬೇಕು, ಕತ್ತರಿಸಿದ ಅಂಚಲ್ಲಿ ಅಲ್ಲ. ಯಾಕಂದ್ರೆ ತೋಳಿನ ಮೇಲ್ಭಾಗ, ಕ್ಯಾಪ್ ಅಂತೀವಲ್ಲ, ಅದು ಹೊರಕ್ಕೆ ಬಾಗಿರತ್ತೆ, ಅಲ್ಲಿ ಅಂಚು ಗೆರೆಗಿಂತ ಉದ್ದ, ಆರ್ಮ್‌ಹೋಲ್, ಅಂದ್ರೆ ಮೈಭಾಗದಲ್ಲಿ ತೋಳು ಕೂರೋ ಸುತ್ತು, ಒಳಕ್ಕೆ ಬಾಗಿರೋದ್ರಿಂದ ಅಲ್ಲಿ ಅಂಚು ಗೆರೆಗಿಂತ ಚಿಕ್ಕದು, ಹಾಗಾಗಿ ಅಂಚಲ್ಲಿ ಅಳೆದ್ರೆ ಇರೋದಕ್ಕಿಂತ ಜಾಸ್ತಿ ಮಿಕ್ಕಿದ ಹಾಗೆ ಕಾಣತ್ತೆ. ಗೆರೆ ಮೇಲೆ ಆರ್ಮ್‌ಹೋಲ್‌ಗಿಂತ ತೋಳು ಅರ್ಧ ಇಂಚು ಜಾಸ್ತಿ ಬಂದ್ರೆ ಕಾಟನ್‌ಗೆ ಸರಿಯಾಗೇ ಇದೆ. ಸ್ಯಾಟಿನ್, ಪಾಲಿಯೆಸ್ಟರ್ ಅಷ್ಟು ಅಡಗಿಸಿಕೊಳ್ಳಲ್ಲ, ಅವಕ್ಕೆ ಕಾಲು ಇಂಚು ಸಾಕು.

ಇನ್ನು ಕೂರಿಸೋದು. ತೋಳಿನ ನಡುವಿಗೆ ಒಂದು ಗುರುತು, ಮುಂದೆ ಒಂದು, ಹಿಂದೆ ಎರಡು ಹಾಕ್ಕೊಳ್ಳಿ, ಮುಂಭಾಗದಲ್ಲಿ ಕಟಿಂಗ್ ಸ್ವಲ್ಪ ಒಳಗೆ ಹೋಗಿರತ್ತೆ, ಗುರುತಿಲ್ದಿದ್ರೆ ಎಡ ಬಲ ಅದಲುಬದಲಾಗತ್ತೆ. ಮುಂದಿನ ಗುರುತಿಂದ ಹಿಂದಿನ ಗುರುತಿನವರೆಗೆ ಮಾತ್ರ, ಹೊಲಿಗೆ ಉದ್ದ 4ಕ್ಕೆ ಇಟ್ಟು ಗೆರೆಯ ಆಚೆ ಈಚೆ ಒಂದೊಂದು ಸಾಲು ಹಾಕಿ ಬಾಬಿನ್ ದಾರ ಮೆಲ್ಲಗೆ ಎಳೀರಿ. ನೆರಿಗೆ ಕಾಣಬಾರ್ದು, ಬಟ್ಟೆ ಬಟ್ಟಲಿನ ಹಾಗೆ ಸ್ವಲ್ಪ ಡೊಂಕಾದ್ರೆ ಸಾಕು. ಕಂಕುಳ ಭಾಗದಲ್ಲಿ ಒಂದು ಚೂರೂ ಎಳೀಬೇಡಿ, ಅಲ್ಲಿ ಸಮಸಮ ಇರ್ಬೇಕು. ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ತೋಳಿನ ಪದರ ಕೆಳಗೆ ಬರೋ ಹಾಗೆ ಇಟ್ಟು ಮಿಷನ್ ಹೊಡೀರಿ, ಫೂಟ್ ಕೆಳಗಿನ ಹಲ್ಲು ಕೆಳಪದರವನ್ನ ಜಾಸ್ತಿ ಎಳ್ಕೊಳ್ಳತ್ತೆ, ಮಿಕ್ಕಿರೋದು ತಾನೇ ಅಡಗತ್ತೆ.

ಇಷ್ಟು ಚಿಕ್ಕ ಮಗುಗೆ ಸೈಡ್ ಮುಚ್ಚೋ ಮೊದ್ಲೇ ತೋಳು ಕೂರಿಸಿಬಿಡಿ ಅಂತ ನಾನು ಹೇಳೋದು. ಭುಜ ಜೋಡಿಸಿ, ಬಟ್ಟೆ ಹರಡಿಕೊಂಡು ತೋಳು ಹಚ್ಚಿ, ಆಮೇಲೆ ತೋಳಿನ ತುದಿಯಿಂದ ಕಂಕುಳ ದಾಟಿ ಕೆಳಗಿನವರೆಗೆ ಒಂದೇ ಹೊಲಿಗೆ. ತೋಳು, ಸೈಡ್ ಎರಡನ್ನೂ ಮೊದ್ಲೇ ಮುಚ್ಚಿ ಬಳೆ ಥರ ಕೂರಿಸಿದ್ರೆ ಕಂಕುಳಲ್ಲಿ ಇನ್ನೂ ನೀಟಾಗಿ ಕೂರತ್ತೆ ನಿಜ, ಆದ್ರೆ ಅಷ್ಟು ಸಣ್ಣ ಸುತ್ತನ್ನ ಪೆಡಲ್ ಮಿಷನ್ ಮೇಲೆ ತಿರುಗಿಸೋದು ತುಂಬಾ ಕಷ್ಟ. ಜೊತೆಗೆ ಸೈಡಲ್ಲಿ ಒಂದು ಇಂಚು ಮಾರ್ಜಿನ್ ಬಿಟ್ರೆ ಮುಂದಿನ ವರ್ಷ ಒಂದೇ ಹೊಲಿಗೆ ಬಿಚ್ಚಿ ದೊಡ್ಡದು ಮಾಡ್ಬಹುದು.

ಇನ್ನೊಂದು, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ನನ್ನ ಮಗಳಿಗೆ ಆಡೋಕೆ ಸಲೀಸಾಗ್ಲಿ ಅಂತ ಆರ್ಮ್‌ಹೋಲ್ ಒಂದು ಇಂಚು ಕೆಳಗಿಳಿಸಿ ಕಟ್ ಮಾಡಿದ್ದೆ. ಅವ್ಳು ಕೈ ಎತ್ತಿದ್ರೆ ಇಡೀ ಫ್ರಾಕೇ ಮೇಲೆ ಬರ್ತಿತ್ತು, ಪಾಪ ಆಡ್ತಾ ಆಡ್ತಾ ಒಂದು ಕೈಲಿ ಕೆಳಗೆ ಎಳ್ಕೋತಾನೇ ಇರ್ತಿದ್ಳು, ನನಗೆ ನೋಡಕ್ಕಾಗ್ತಿರ್ಲಿಲ್ಲ. ಆಮೇಲೆ ಗೊತ್ತಾಯ್ತು, ಆರ್ಮ್‌ಹೋಲ್ ಕಂಕುಳಿಗೆ ಹತ್ರ ಇದ್ದಷ್ಟೂ ಕೈ ಸಲೀಸಾಗಿ ಏಳತ್ತೆ. ಈಗ ಕಂಕುಳ ಕೆಳಗೆ ಅರ್ಧ ಇಂಚು ಮಾತ್ರ ಬಿಡ್ತೀನಿ. ಕಚ್ಚಾ ಹೊಲಿಗೆ ಹಾಕಿ, ಸೈಡನ್ನೂ ಹಾಗೇ ಟಾಕಿ, ಒಂದ್ಸಲ ತೊಡಿಸಿ ಫ್ಯಾನ್ ಎಲ್ಲಿದೆ ತೋರ್ಸು ಅಂತೀನಿ, ಕೈ ಎತ್ತಿದಾಗ ಸೊಂಟದ ಗೆರೆ ಇದ್ದಲ್ಲೇ ಇದ್ರೆ ಆಮೇಲೇನೇ ಮಿಷನ್ ಹೊಡಿಯೋದು.