ಐರ್ಲೆಂಡ್‌ನ ಪೂರ್ವಜರನ್ನು ಹುಡುಕುವಾಗ ಚರ್ಚ್ ದಾಖಲೆ ಮೊದಲೋ, ಸರ್ಕಾರಿ ದಾಖಲೆ ಮೊದಲೋ?

ಸರ್ಕಾರಿ ದಾಖಲೆಯಿಂದಲೇ ಶುರು ಮಾಡಿ. ಅಲ್ಲಿ ಎಲ್ಲರ ಜನನ, ಮರಣ, ಮದುವೆ ನೋಂದಣಿ 1864ರಲ್ಲಿ ಆರಂಭವಾಯಿತು. ಕ್ಯಾಥೊಲಿಕ್ ಅಲ್ಲದವರ ಮದುವೆಗಳು ಮಾತ್ರ 1845ರಿಂದಲೇ ಸಿಗುತ್ತವೆ. ಐರಿಶ್‌ಜೀನಿಯಾಲಜಿ ಡಾಟ್ ಐಇ ತಾಣದಲ್ಲಿ ಹಳೆಯ ಪುಟಗಳ ಚಿತ್ರಗಳನ್ನು ದುಡ್ಡು ಕೊಡದೆ ನೋಡಬಹುದು. ಜನನ ದಾಖಲೆಯಲ್ಲಿ ತಾಯಿಯ ಮದುವೆಗೆ ಮುಂಚಿನ ಮನೆತನದ ಹೆಸರೂ ಇರುತ್ತದೆ. ಒಂದೇ ಊರಲ್ಲಿ ಒಂದೇ ಹೆಸರಿನವರು ತುಂಬಾ ಜನ ಇದ್ದಾಗ ನಮ್ಮವರು ಯಾರೆಂದು ತಿಳಿಯಲು ಇದೇ ದೊಡ್ಡ ಆಸರೆ.

1864ಕ್ಕೂ ಹಿಂದಿನದು ಬೇಕಾದರೆ ಚರ್ಚ್ ಪುಸ್ತಕಗಳೇ ಗತಿ. ಕ್ಯಾಥೊಲಿಕ್ ಪ್ಯಾರಿಷ್‌ಗಳ (ಒಂದು ಚರ್ಚ್‌ಗೆ ಸೇರಿದ ಪ್ರದೇಶಗಳ) ಪುಸ್ತಕಗಳನ್ನು, ಸುಮಾರು 1880ರವರೆಗಿನದನ್ನು, ಐರ್ಲೆಂಡ್‌ನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಆನ್‌ಲೈನ್‌ಗೆ ಹಾಕಿದೆ. ಇವನ್ನು ಪ್ಯಾರಿಷ್ ಪ್ರಕಾರ ಜೋಡಿಸಿದ್ದಾರೆ. ಹಾಗಾಗಿ ಬರೀ ಕೌಂಟಿ (ಜಿಲ್ಲೆಯಂಥದ್ದು) ಗೊತ್ತಿದ್ದರೆ ಸಾಲದು, ಪ್ಯಾರಿಷ್ ತಿಳಿದಿರಬೇಕು. ಪೂರ್ವಜರು ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಹೋಗಿದ್ದರೆ ಅಲ್ಲಿನ ಮದುವೆ ದಾಖಲೆ, ಸಮಾಧಿ ಕಲ್ಲುಗಳಲ್ಲಿ ಆ ಸುಳಿವು ಸಿಗಬಹುದು.

ಪೂರ್ವಜರು ಚರ್ಚ್ ಆಫ್ ಐರ್ಲೆಂಡ್ ಎಂಬ ಪ್ರಾಟೆಸ್ಟೆಂಟ್ ಚರ್ಚ್‌ನವರಾಗಿದ್ದರೆ ಸ್ವಲ್ಪ ಕಷ್ಟ. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯ ಸಂಕೀರ್ಣದಲ್ಲಿದ್ದ ದಾಖಲೆಗಳ ಕಟ್ಟಡ ಸುಟ್ಟುಹೋಗಿ, ಅವರ ಅರ್ಧಕ್ಕೂ ಹೆಚ್ಚು ಪುಸ್ತಕಗಳು ಬೂದಿಯಾದವು. 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲೂ ಹೋಯಿತು. ಅಷ್ಟೊಂದು ಮನೆಗಳ ಕಥೆ ಒಮ್ಮೆಲೇ ಹೋಗಿದ್ದು ಸಂಕಟದ ಸಂಗತಿ ಅಲ್ವಾ? ಪೂರ್ತಿಯಾಗಿ ಉಳಿದಿರುವ ಹಳೆಯ ಗಣತಿಗಳು 1901 ಮತ್ತು 1911ರವು, ಅವೂ ಉಚಿತ.

ಇನ್ನೊಂದು ವಿಷಯ. ಸರ್ಕಾರಿ ದಾಖಲೆಯ ಜನ್ಮದಿನಕ್ಕಿಂತ ಮೊದಲೇ ಚರ್ಚ್‌ನಲ್ಲಿ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆದಂತೆ ಕಂಡರೆ ಇವರು ಬೇರೆಯವರೆಂದು ಬಿಟ್ಟುಬಿಡಬೇಡಿ. ನೋಂದಣಿ ತಡವಾದರೆ ದಂಡ ಕಟ್ಟಬೇಕಿತ್ತು. ಅದನ್ನು ತಪ್ಪಿಸಲು ಎಷ್ಟೋ ತಂದೆತಾಯಿ ಹುಟ್ಟಿದ ದಿನವನ್ನು ಮುಂದಕ್ಕೆ ಹಾಕಿ ಬರೆಸುತ್ತಿದ್ದರು. ಇಂಥ ಕಡೆ ಚರ್ಚ್‌ನ ದಿನಾಂಕವನ್ನೇ ಜಾಸ್ತಿ ನಂಬಬಹುದು.